ಅಣ್ಣನ ಅಮೆರಿಕನ್ ಕಾರು

ರೇಸ್ ಟ್ರ್ಯಾಕಿನ ಚಿಕಿತ್ಸಾ ಕೋಣೆಯ ಹೊರಗೆ ನನ್ನ ಪಕ್ಕದಲ್ಲೇ ನನಗೆ ಪರಿಚಯವಿಲ್ಲದ ಒಬ್ಬ ಅತ್ತಿಗೆ, ಮೈದುನ ಕೂತಿದ್ದರು. ಅಣ್ಣ ತಮ್ಮಂದಿರ ಪಂದ್ಯದಲ್ಲಿ ಆಕೆಯ ಗಂಡನ, ಅಂದರೆ ಅವನ ಅಣ್ಣನ, ಕಾರು ತಿರುವಿನಲ್ಲಿ ಮರಳಿಗೆ ನುಗ್ಗಿತ್ತು.

"ಬಡ್ಕೊಂಡೆ ಅತ್ತಿಗೆ. ಆ ಅಮೆರಿಕನ್ ಕಾರಿಗೆ ಬರೀ ರಟ್ಟೆಬಲ. ತಿರುವಲ್ಲಿ ನನ್ನ ಜರ್ಮನ್ ಕಾರೇ ಸೈ."

"ನೇರ ದಾರೀಲಿ ನಿಂದು ಅವರ ಹೊಗೆ ಕುಡೀತಿತ್ತಲ್ಲಪ್ಪ! ಅವರದೂ ಟ್ರ್ಯಾಕಿಗೆ ಅಂತಲೇ ಮಾಡಿದ್ದಂತೆ, ಬ್ರೇಕೂ ದೊಡ್ಡದಂತೆ."

"ಒತ್ತಿದ್ರೆ ತಾನೇ!"

ಡಾಕ್ಟರು ಹೊರಬಂದರು. "ಭುಜ ಉಳುಕಿದೆ, ಅಷ್ಟೇ. ತಮ್ಮನನ್ನ ಸೋಲಿಸಿದೆನಾ ಅಂತ ಒಂದೇ ಸಮ ಕೇಳ್ತಿದ್ದಾರೆ."

ಮೈದುನ ಕಣ್ಣೊರೆಸಿಕೊಂಡ. "ಅವನೇ ಗೆದ್ದ ಅಂತ ಹೇಳಿಬಿಡಿ."

"ಸುತ್ತೇ ಮುಗಿಸಿಲ್ವಲ್ಲೋ!" ಅತ್ತಿಗೆ ನಕ್ಕೇಬಿಟ್ಟರು.

"ಇವತ್ತೊಂದಿನ ಗೆಲ್ಲಲಿ ಬಿಡಿ ಅತ್ತಿಗೆ."

"ಹಾಗಾದ್ರೆ ನೀನೇ ಹೇಳು ಬಾ."

ಇಬ್ಬರೂ ಒಳಗೆ ಹೋದರು. ಬಾಗಿಲು ಮುಚ್ಚುವಷ್ಟರಲ್ಲಿ ಅಣ್ಣನ ದನಿ ಕೇಳಿತು: "ಎಷ್ಟು ಸೆಕೆಂಡಿಂದ ಗೆದ್ದೆ?"