ನಮ್ಮ ಬೀದಿಯ ಹಾಳೆ

...ಇಲ್ಲ ಕಣೋ ರೆಮುಸ್, ಪೂರ್ತಿ ಕೇಳು! ಮತಗಟ್ಟೆ ಕೆಲಸಕ್ಕೆ ಹಾಕಿದಾರಲ್ಲ ನಮ್ಮೂರ ಅಗ್ಲಾಯನ, ಅವಳು ಬಂದಿದ್ಲು, ಮತಪೆಟ್ಟಿಗೇನ ಕಂಕುಳಲ್ಲಿ ಇರುಕಿಸ್ಕೊಂಡು. ಜೊತೇಲೊಬ್ಬ ಪೊಲೀಸಿನವನು ಬೇರೆ. "ವೆತುರಿಯಾ, ನಿನಗೆ ಕಾಲು ನೋವಲ್ವಾ, ಶಾಲೆ ತನಕ ಬರೋಕಾಗಲ್ಲ, ಅದಕ್ಕೇ ಮನೇಗೇ ತಂದ್ವಿ" ಅಂತಾಳೆ. ನಾನೇನಂದೆ ಗೊತ್ತಾ? ನನ್ನ ಕಾಲು ನೆಟ್ಟಗಿದೆ, ನಡಿ ನಡಿ ಅಂದೆ! ಕುಂಟ್ಕೊಂಡೇ ಹೋಗಿ ಗೇಟು ಹಾಕಿದೆ!... ನಗು, ನಗು. ಬಸ್ಸು ಇಳಿದಾಗಿಂದ ಈಗಲೇ ನೀನು ನಕ್ಕಿದ್ದು.

ಸುಲಿ ಸುಲಿ, ಕೈ ನಿಲ್ಲಿಸಬೇಡ. ಸುಟ್ಟ ದಪ್ಪ ಮೆಣಸಿನಕಾಯಿ ಆರಿದ್ರೆ ಸಿಪ್ಪೆ ಬಿಡಲ್ಲ. ನಾಳೆ ಹೋಗ್ತಾ ನಿಂಗೆ ನಾಲ್ಕು ಜಾಡಿ ಕಟ್ಕೊಡ್ತೀನಿ... ಆರು ಕೊಡ್ತೀನಿ ಬಿಡು. ನಿನ್ನ ಹುಡುಗ ಕತಲಿನ್‌ಗೂ ಈ ಬದನೆಕಾಯಿ ಗೊಜ್ಜು, ಜಕುಸ್ಕ, ಅಂದ್ರೆ ಇಷ್ಟ ಅಂದಿದ್ಯಲ್ಲ.

ನೀನೇ ತಾನೆ ಹೇಳಿದ್ದು, ನೂರಕ್ಕೆ ಮೂವತ್ತು ಜನ ಹೋಗದಿದ್ರೆ ಈ ಮತದಾನವೇ ಬಿದ್ದುಹೋಗುತ್ತೆ ಅಂತ? ಮದುವೆ ಅಂದ್ರೆ ಒಂದು ಗಂಡು ಒಂದು ಹೆಣ್ಣು ಮಾತ್ರ ಅಂತ ಸಂವಿಧಾನದಲ್ಲಿ ಬರೆಯೋದೂ ಬಿದ್ದುಹೋಗುತ್ತೆ. ಹೋಗಲೇಬಾರದು, ಬೇಡ ಅಂತ ಮುದ್ರೆ ಒತ್ತೋಕೂ ಹೋಗಬಾರದು ಅಂದೆ. ಹೋಗಲಿಲ್ಲಪ್ಪ ನಾನು! ಮನೆಗೆ ಬಂದದ್ದನ್ನೂ ವಾಪಸ್ ಅಟ್ಟಿದೆ. ನಿನ್ನೆಯಿಂದ ಶಾಲೆ ಭಣಭಣ ಅಂತಿದೆಯಂತೆ. ಪಾದ್ರಿ ಗೆರಾಸಿಮ್ ಮತ ಹಾಕೋಕೆ ಬನ್ನಿ ಅಂತ ಎರಡೆರಡು ಸಲ ಗಂಟೆ ಹೊಡೆಸಿದ್ರು, ಯಾರಾದ್ರೂ ಬಂದ್ರಾ? ಮೇಯರ್ ದೊರೋಫ್ತೆ ಇದಾನಲ್ಲ, ಹಿಂದಿನ ಚುನಾವಣೆ ಹತ್ತಿರ ಬಂದಾಗ ಕುಟುಂಬದ ಪರ ಅಂತ ಸಹಿ ಹಾಳೆ ಹಿಡ್ಕೊಂಡು ಎದೆ ಉಬ್ಬಿಸಿ ಫೋಟೋ ತೆಗೆಸ್ಕೊಂಡವನು? ಇವತ್ತು ದ್ರಾಕ್ಷಿ ಕೀಳೋಕೆ ಹೋಗಿದಾನೆ! ಭಾನುವಾರ! ಅಗ್ಲಾಯ ಕೂಡ ಗೇಟಿನ ಹತ್ರ ಮೆಲ್ಲಗೆ ಹೇಳಿದ್ಲು, "ಯಾರ ಮನೆ ಹಾಸಿಗೆ ಯಾರಿಗೆ ಬೇಕು ಬಿಡು ವೆತುರಿಯಾ" ಅಂತ. ಹಿಂದೆ ಇದೇ ಬಾಯಲ್ಲಿ ಏನೇನು ಅಂದಿದ್ಲು! ಜನ ಬದಲಾಗ್ತಾರೆ ಕಣೋ. ಅಥವಾ ಗಾಳಿ ನೋಡ್ಕೊಂಡು ತಿರುಗ್ತಾರೋ ಏನೋ... ನನಗೆ ತಿಳಿಯಲ್ಲ.

ಸರಿ, ಅದಿರಲಿ. ಏಪ್ರಿಲ್‌ನಲ್ಲಿ ಬೆಲ್ಜಿಯಮ್ಮಿನಲ್ಲಿ ನನ್ನದೂ ಕತಲಿನ್‌ದೂ ಮದುವೆ, ಬಾಮ್ಮ ಅಂದೆ ನೀನು. ಕಾಲು ನೋವು ಅಂದೆ ನಾನು. ನಿನ್ನ ಮುಖ ಸಣ್ಣಗಾಯ್ತು, ನೋಡಲಿಲ್ಲ ಅಂದ್ಕೋಬೇಡ. ಅವರಿಗೆ ನೆಟ್ಟಗಿದೆ ಅಂದ ಕಾಲು ನಿನಗೂ ನೆಟ್ಟಗೇ ಇದೆ. ಬರ್ತೀನಿ. ಸಾಕಾ? ಬರ್ತೀನಿ ಕಣೋ, ಬಿಡು, ಕೈಯೆಲ್ಲ ಎಣ್ಣೆ ಆಗಿದೆ, ತಬ್ಕೋಬೇಡ!

ಹೋಗು, ಮುಚ್ಚಳ ತಗೊಂಡು ಬಾ. ಬೀರುವಿನ ಕೆಳಗಿನ ಡ್ರಾಯರು. ಅಲ್ಲ, ಎಡಗಡೇದು...

ಸಿಕ್ತಾ?

ರೆಮುಸ್? ಆರು ಮುಚ್ಚಳ ತರೋಕೆ ಇಷ್ಟು ಹೊತ್ತಾ?

...ಏನದು ಕೈಯಲ್ಲಿ? ಓ ಅದಾ... ಅದು ಏನಿಲ್ಲ, ಪಕ್ಷದವರದು. ಎಲ್ಲರಿಗೂ ಕಳಿಸಿದ್ರು. ಮನೆಮನೆಗೂ ಬಂತು... ಹೌದು, ನಿನ್ನ ಹೆಸರಿಗೇ ಇದೆ. "ಪ್ರಿಯ ರೆಮುಸ್, ಕುಟುಂಬದ ಪರವಾಗಿ ನೀವು ಹಾಕಿದ ಸಹಿಗೆ ಧನ್ಯವಾದ. ನಿಮ್ಮ ಮತವೂ ನಮಗೇ ಬರಲಿ." ಬಾಯಿಪಾಠ ಆಗಿದೆ ನನಗೆ. ಒಲೆಗೆ ಹಾಕ್ಬೇಕು ಅಂತಿದ್ದೆ, ನಿನ್ನ ಹೆಸರಿದ್ದ ಕಾಗದ, ಹಾಕೋಕೆ ಮನಸ್ಸು ಬರಲಿಲ್ಲ.

ಅವರದೇ ಏನೋ ತಪ್ಪಾಗಿರಬೇಕು. ಇಲ್ಲಾ ನಿಮ್ಮಪ್ಪ ಬರೆದಿರ್ತಾರೆ... ಗೊತ್ತು ಕಣೋ. ಸಹಿ ತಗೊಂಡಿದ್ದು ಮೂರು ವರ್ಷದ ಹಿಂದೆ, ಅವರು ತೀರಿಹೋಗಿ ಐದು ವರ್ಷ ಆಯ್ತು. ಅದನ್ನ ಹೇಳೋಕೆ ನೀನು ಬಾಯಿ ತೆಗೀಬೇಕಾಗಿಲ್ಲ.

ಕೂತ್ಕೋ. ಕೂತ್ಕೋಬಾರದಾ?

ಚರ್ಚಿನಲ್ಲಿ ನಾನು ಮೇಣದಬತ್ತಿ ಮಾರ್ತಿದ್ದೆ, ನಿನಗೆ ಗೊತ್ತಲ್ಲ. ಸಹಿ ಹಾಳೆ ಇಟ್ಟಿದ್ದು ನನ್ನ ಮೇಜಿನ ಮೇಲೇ. ಬೀದಿಗೊಂದು ಹಾಳೆ. ಬತ್ತಿ ತಗೊಂಡವರಿಗೆ ಪೆನ್ನು ಕೊಡ್ತಿದ್ದೆ. ನಮ್ಮ ಬೀದೀದು ತುಂಬಿತ್ತು. ಪಾದ್ರಿ ಹೆಂಡತಿ ಬಂದು ಒಂದೊಂದೇ ಮನೆ ಮೇಲೆ ಬೆರಳಿಟ್ಟು ನೋಡಿದ್ರು. "ಎಲ್ಲರೂ ಇದಾರೆ ವೆತುರಿಯಾ, ನಿನ್ನ ಮಗ ಒಬ್ಬನೇ ಇಲ್ಲ. ಇಪ್ಪತ್ತೆಂಟಾಯ್ತಲ್ವಾ ಅವನಿಗೆ? ಕ್ಲುಜ್‌ನಲ್ಲಿ ಯಾರೋ ಗೆಳೆಯನ ಜೊತೆ ಇದಾನಂತೆ..." ಅಷ್ಟೇ ಅಂದಿದ್ದು. ನಗ್ತಾನೇ ಅಂದಿದ್ದು. ಸುತ್ತ ಹತ್ತು ಜನ ನಿಂತಿದ್ರು. ಊರಿಗೆ ಬಂದಾಗ ಹಾಕಿಸ್ತೀನಿ ಅಂದೆ. ಹಾಳೆ ತಗೊಂಡು ಮನೆಗೆ ಬಂದೆ. ನಿನ್ನ ಗುರುತಿನ ಚೀಟಿ ನಕಲು ಇತ್ತು, ನಂಬರು ನೋಡಿ ಬರೆದೆ. ಸಹಿ ಮೂರು ಸಲ ಹಳೇ ಪೇಪರಿನ ಮೇಲೆ ಹಾಕಿ ನೋಡ್ಕೊಂಡೆ... ಆಮೇಲೆ ಯಾರೂ ನಿನ್ನ ಬಗ್ಗೆ ಕೇಳಲಿಲ್ಲ. ಒಬ್ಬರೂ ಕೇಳಲಿಲ್ಲ! ಅದು ದೊಡ್ಡದಲ್ವಾ? ಹಬ್ಬಕ್ಕೆ ಬಂದಾಗ ಈ ಬೀದೀಲಿ ನೀನು ತಲೆ ಎತ್ಕೊಂಡು ಓಡಾಡಿದ್ಯಲ್ಲ?

ಅಂಥ ಹಾಳೆಗಳನ್ನೇ ಲಕ್ಷಗಟ್ಟಲೆ ಸೇರಿಸಿ ಈ ಮತದಾನ ತಂದ್ರು ಅಂತ ಆಮೇಲೆ ಗೊತ್ತಾಯ್ತು ನನಗೆ. ಚರ್ಚಿನವರು ಏನೋ ಕೇಳ್ತಿದಾರೆ, ಬರೆದ್ರೆ ಆಯ್ತು ಅಂದ್ಕೊಂಡಿದ್ದೆ. ನಿನ್ನ ವಿಷಯ ನೀನು ಬಾಯಿಬಿಟ್ಟಿದ್ದೇ ಹೋದ ವರ್ಷ. ಆಗ ನನಗೇನು ಗೊತ್ತಿತ್ತು ಹೇಳು? ಗೊತ್ತಿದ್ರೆ ಬರೀತಿದ್ನಾ?

...ಹಾಗೆ ನೋಡಬೇಡ.

ಬೈಯಿ. ಆ ಜಾಡಿ ಎತ್ತಿ ನೆಲಕ್ಕೆ ಹಾಕು. ಏನಾದ್ರೂ ಅನ್ನೋ! ಕೋಟು ಯಾಕೆ ತಗೊಂಡೆ? ನಾಳೆ ಅಲ್ವಾ ಬಸ್ಸು? ರೆಮುಸ್... ಮಗನೇ...

ಗೊತ್ತಿತ್ತು.

ನಿನಗೆ ಹದಿನೇಳಾದಾಗಿಂದ ಗೊತ್ತಿತ್ತು ಕಣೋ. ಗೊತ್ತಿದ್ದಕ್ಕೇ ಬರೆದೆ.