ನೆರಳಿನಲ್ಲಿ ಅಳೆದ ಊರು

ಮಾನ್ಯ ಅಧ್ಯಕ್ಷರೇ, ಫ್ಯಾನಿನ ನೇರ ಕೆಳಗೆ ಕುಳಿತಿರುವ ಮುಖ್ಯ ಅತಿಥಿಗಳೇ, ಆ ಫ್ಯಾನಿನ ಗಾಳಿ ತಲುಪದ ಸಾಲುಗಳಲ್ಲಿ ಕುಳಿತಿರುವ ನನ್ನ ಸಹೋದ್ಯೋಗಿಗಳೇ, ಹೊಸದಾಗಿ ಕೆಲಸಕ್ಕೆ ಸೇರಿ ಈಗಾಗಲೇ ಆಕಳಿಕೆ ಅಡಗಿಸುವುದನ್ನು ಕಲಿತಿರುವ ತರುಣ ತರುಣಿಯರೇ, ಊಟದ ಹೊತ್ತು ಮೀರುತ್ತಿದ್ದರೂ ಎದ್ದು ಹೋಗದ ಸಭಿಕರೇ,

ನಮ್ಮ ಹವಾಮಾನ ಕಚೇರಿಯ ಬೀಳ್ಕೊಡುಗೆ ಸಭೆಗಳಲ್ಲಿ ನಾನು ಬಹಳ ಭಾಷಣ ಕೇಳಿದ್ದೇನೆ. ನಿವೃತ್ತನಾಗುವವನು ಈ ಕಚೇರಿ ತನಗೆ ಅನ್ನ ಕೊಟ್ಟಿತು ಎನ್ನುತ್ತಾನೆ. ಅಧ್ಯಕ್ಷರು ಇವರ ಜಾಗವನ್ನು ಯಾರೂ ತುಂಬಲಾರರು ಎನ್ನುತ್ತಾರೆ. ಮರುದಿನ ಹೋಗಿ ನೋಡಿದರೆ ಆ ಜಾಗದಲ್ಲಿ ಇನ್ನೊಬ್ಬ ಕುಳಿತು ಕಾಲಾಡಿಸುತ್ತಿರುತ್ತಾನೆ. ಇರಲಿ. ಅನ್ನ ಕೊಟ್ಟಿದ್ದು ನಿಜ. ಅದನ್ನು ನಾನೂ ಹೇಳಿದೆ ಎಂದು ಬರೆದುಕೊಳ್ಳಿ.

ಬಾಗಿಲಲ್ಲಿ ಬಹಳ ಜನ ನನ್ನನ್ನು ಕೇಳಿದರು, ಮನೆಯವರು ಬರಲಿಲ್ಲವೇ ಎಂದು. ಬರಲಿಲ್ಲ. ಅವಳು ಬೆಟ್ಟದ ಮೇಲಿನ ಊರಿನಲ್ಲಿ ತನ್ನ ತಂಗಿಯ ಮನೆಯಲ್ಲಿದ್ದಾಳೆ. ಅದಾದ ಮೇಲೆ ಎಲ್ಲರೂ ಕೇಳಿದ ಎರಡನೆಯ ಪ್ರಶ್ನೆ, ನಿವೃತ್ತಿಯಾದ ಮೇಲೆ ಎಲ್ಲಿರುತ್ತೀರಿ ಎಂದು. ಈ ಎರಡೂ ಪ್ರಶ್ನೆಗಳಿಗೆ ಉತ್ತರ ಒಂದೇ. ಅದನ್ನು ಹೇಳುವುದಕ್ಕಾಗಿಯೇ ನಾನು ಈ ಮೈಕಿನ ಮುಂದೆ ನಿಂತಿದ್ದೇನೆ.

ಎಲ್ಲಿರಬೇಕು ಎಂಬುದು ನಮಗೆ ಎಂದೂ ಪ್ರಶ್ನೆಯೇ ಆಗಿರಲಿಲ್ಲ. ಸರ್ಕಾರ ಎಲ್ಲಿ ಬಿಸಾಡಿತೋ ಅಲ್ಲಿದ್ದೆವು. ಕ್ವಾರ್ಟರ್ಸಿನ ನೀಲಿ ಸುಣ್ಣದ ಗೋಡೆ, ಹಿಂದೆ ಒಂದು ನಲ್ಲಿ, ಮುಂದೆ ಬೇಲಿ ಹಾಕಿದ ಹುಲ್ಲಿನ ಅಂಗಳ, ಅದರ ನಡುವೆ ಉಷ್ಣಮಾಪಕ ಇಡುವ ನಮ್ಮ ಬಿಳಿ ಪೆಟ್ಟಿಗೆ. ಎಲ್ಲ ಊರಿನಲ್ಲೂ ಅದೇ. ನನ್ನ ಹೆಂಡತಿ ಹೇಳುತ್ತಿದ್ದಳು, "ನಾವು ಊರು ಬಿಟ್ಟು ಊರಿಗೆ ಹೋಗ್ತಿಲ್ಲ ರೀ, ಊರೇ ನಮ್ಮ ಮನೆ ಹಿಂದೆ ಬದಲಾಗ್ತಾ ಇದೆ."

ಅವಳು ಇಲ್ಲಿನ ದೊಡ್ಡಾಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದ ಮೇಲ್ವಿಚಾರಕಿಯಾಗಿದ್ದಳು. ಕುದಿಯುವ ನೀರಿನ ಆವಿ, ಒಣಗಿಸುವ ಯಂತ್ರದಿಂದ ಏಳುವ ನೂಲಿನ ಧೂಳು. ಅದೆಲ್ಲ ಎದೆಯಲ್ಲಿ ಕೂತಿತು. ಈ ನಗರದ ಹೊಗೆ ಅದರ ಮೇಲೆ ಇನ್ನೊಂದು ಪದರ ಎಳೆಯಿತು. ನನ್ನ ನಿವೃತ್ತಿಗೆ ಎರಡು ವರ್ಷ ಇದೆ ಎನ್ನುವಾಗ ಡಾಕ್ಟರು ಹೇಳಿದರು: "ಇವರನ್ನ ಇಲ್ಲಿಂದ ಕರ್ಕೊಂಡು ಹೋಗಿ. ಶೀತದ ಊರು ಬೇಡ, ಸುಡೋ ಊರು ಬೇಡ, ಹೊಗೆ ಊರಂತೂ ಬೇಡವೇ ಬೇಡ." ಹೇಳುವುದಕ್ಕೆ ಅವರ ಗಂಟೇನು ಹೋಗುತ್ತದೆ?

ಆಗ ನಮ್ಮ ಮನೆಯಲ್ಲಿ ಹುಡುಕಾಟ ಶುರುವಾಯಿತು. ಮಗಳು ಬಂದರಿನ ಊರಿನಲ್ಲಿ ನರ್ಸು. "ಅಪ್ಪಾ, ಬಂದ್ಬಿಡಿ, ಅದ್ಯಾಕೆ ಇಷ್ಟು ಯೋಚನೆ ಮಾಡ್ತೀರಾ?" ಎಂದಳು. ಹೋಗಿ ನೋಡಿದರೆ ಲಿಫ್ಟಿಲ್ಲದ ಮೂರನೆಯ ಮಹಡಿ, ಎರಡು ಕೋಣೆ. ಒಂದರಲ್ಲಿ ಅವಳು, ಅಳಿಯ, ಮಕ್ಕಳು. ಇನ್ನೊಂದರಲ್ಲಿ ಬೀಗರು ಆಗಲೇ ಹಾಸಿಗೆ ಹಾಸಿಕೊಂಡಿದ್ದರು. ನಾವು ಮಲಗಿದ ಹಜಾರದ ಗೋಡೆಯಲ್ಲಿ ಉಪ್ಪುಗಾಳಿಗೆ ಬಣ್ಣ ಹೊಪ್ಪಳೆ ಎದ್ದಿತ್ತು. ಬೀಗಿತ್ತಿ ಬಹಳ ಮರ್ಯಾದೆಯಿಂದ, "ನೀವಿದ್ರೆ ನಮಗೂ ಜೊತೆ ಆಗುತ್ತೆ, ಎಷ್ಟು ದಿನ ಇರ್ತೀರಿ?" ಎಂದು ಕೇಳಿದರು. ಆ ವಾಕ್ಯದ ಮೊದಲರ್ಧ ನನಗೆ ಕೇಳಿಸಿತು. ನನ್ನ ಹೆಂಡತಿಗೆ ಎರಡನೆಯ ಅರ್ಧ ಕೇಳಿಸಿತು.

ಬೆಟ್ಟದ ಊರಿನಲ್ಲಿ ನಾದಿನಿಯ ಹೊಲಿಗೆ ಅಂಗಡಿ. ಗಾಳಿ ಚೆನ್ನ, ಬಿಸಿಲು ಹಿತ. ಆದರೆ ಒಳ್ಳೆ ಗಾಳಿ ಇರುವ ಕಡೆಯೆಲ್ಲ ಹಣವಂತರು ಆಗಲೇ ಹೋಗಿ ಉಸಿರಾಡುತ್ತಿದ್ದಾರೆ. ಅಲ್ಲಿ ಬಾಡಿಗೆ ಕೇಳಿದರೆ ಆರೋಗ್ಯವಂತನಿಗೂ ಉಬ್ಬಸ ಬರುತ್ತದೆ. ಗಾಳಿಗೆ ಬೆಲೆ ಕಟ್ಟಿದವರು ಯಾರು ಸ್ವಾಮಿ? ಯಾವ ಸಭೆಯಲ್ಲಿ, ಯಾರ ಒಪ್ಪಿಗೆ ಪಡೆದು ಕಟ್ಟಿದರು?

ಕೊನೆಗೆ ನಾನು ನನ್ನ ವಿದ್ಯೆಯನ್ನೇ ನಂಬಿದೆ. ಕಚೇರಿಯ ಗ್ರಂಥಾಲಯದಲ್ಲಿ ಎಲ್ಲ ಊರುಗಳ ಮೂವತ್ತು ವರ್ಷದ ಸರಾಸರಿಗಳಿವೆ. ನೀವೂ ನಾನೂ ಸೇರಿ ಕಟ್ಟಿದ ಸರಾಸರಿಗಳು. ಅದರಲ್ಲಿ ಒಂದು ಊರು ಸಿಕ್ಕಿತು. ಬೇಸಿಗೆಯಲ್ಲಿ ಹಿತ, ಚಳಿಗಾಲದಲ್ಲಿ ಹಿತ, ಮಳೆ ಹದ. ಮನೆಯ ಬೆಲೆಯೋ, ನಮ್ಮ ಕೈಗೆ ಎಟುಕುವಂಥದ್ದು.

"ಅಷ್ಟು ಒಳ್ಳೆ ಊರಾದ್ರೆ ಅಷ್ಟು ಅಗ್ಗ ಯಾಕೆ?" ಎಂದಳು ನನ್ನ ಹೆಂಡತಿ.

"ಜನಕ್ಕೆ ಗೊತ್ತಿಲ್ಲ ಕಣೇ. ನಮಗೆ ಗೊತ್ತು."

"ಒಂದು ಬೇಸಿಗೆ ಅಲ್ಲಿ ಹೋಗಿ ಬಾಡಿಗೆಗೆ ಇದ್ದು ನೋಡೋಣ. ಆಮೇಲೆ ತಗೊಳ್ಳೋಣ."

ಈಗ ನಾನು ಏನು ಹೇಳಿದೆ ಎಂಬುದನ್ನು ಕೇಳಿ. ಈ ಸಭಾಂಗಣದ ಹೊರಗಿನ ಯಾವ ಗಂಡಸೂ ಈ ಮಾತು ಆಡುತ್ತಿರಲಿಲ್ಲ. ಈ ಸಭಾಂಗಣದ ಒಳಗಿನ ಪ್ರತಿಯೊಬ್ಬರೂ ಆಡುತ್ತಿದ್ದಿರಿ. ನಾನು ಹೇಳಿದೆ: "ಒಂದು ಬೇಸಿಗೆಯಿಂದ ಏನು ಗೊತ್ತಾಗುತ್ತೆ? ಒಂದು ವರ್ಷದ ಸೆಕೆ ಆಕಸ್ಮಿಕ. ಮೂವತ್ತು ವರ್ಷದ್ದು ಹವಾಮಾನ."

ನಗುತ್ತಿದ್ದೀರಿ. ನಗಿ. ಹೊಸಬರಿಗೆ ನಾವು ಕಲಿಸುವ ಮೊದಲನೆಯ ಪಾಠವೇ ಅದಲ್ಲವೇ? ನಿನ್ನ ಮೈಯನ್ನು ನಂಬಬೇಡ, ಪಾದರಸವನ್ನು ನಂಬು. ನಾನೇ ಎಷ್ಟು ಜನಕ್ಕೆ ಕಲಿಸಿದ್ದೇನೆ! ಚಳಿಗಾಲದಲ್ಲಿ ಮನೆ ಕೊಂಡೆವು. ಆ ಚಳಿಯಲ್ಲಿ ಊರು ನಿಜಕ್ಕೂ ಹಿತವಾಗಿಯೇ ಇತ್ತು. ಬೇಸಿಗೆ ಬಂತು, ಉಳಿದಿದ್ದ ರಜೆಯನ್ನೆಲ್ಲ ಹಾಕಿ ಇಬ್ಬರೂ ಅಲ್ಲಿಗೆ ಹೋದೆವು.

ಊರೆಂದರೆ ಏನದು? ಒಂದು ಮರವಿಲ್ಲ. ಲಾರಿ ಬಾಡಿ ಕಟ್ಟುವ ಶೆಡ್ಡುಗಳು, ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಗಳು, ಉದ್ದಕ್ಕೂ ತಗಡಿನ ಮಾಡು. ನಮ್ಮ ರಸ್ತೆಯ ಡಾಂಬರು ಮಧ್ಯಾಹ್ನ ಚಪ್ಪಲಿಗೆ ಅಂಟುತ್ತಿತ್ತು. ಗೋಡೆ ಮುಟ್ಟಿದರೆ ಸಂಜೆಯಲ್ಲೂ ಕೈ ಹಿಂದೆಗೆಯಬೇಕು. ನನ್ನ ಹೆಂಡತಿ ಹೊರಗಿನ ಬಾಗಿಲು ತೆರೆದು ನಿಂತು, "ರೀ, ಬಾಯ್ಲರ್ ಕೋಣೆಯಿಂದ ನಂಗೆ ರಿಟೈರ್ಮೆಂಟ್ ಆಯ್ತು ಅಂದ್ಕೊಂಡಿದ್ದೆ" ಎಂದಳು. ಅವತ್ತು ಅವಳಿಗೆ ತಮಾಷೆ ಮಾಡುವಷ್ಟು ಉಸಿರು ಇನ್ನೂ ಇತ್ತು.

ನಾನು ಏನು ಮಾಡಿದೆ? ಫೋನಿನಲ್ಲಿ ನಮ್ಮದೇ ಇಲಾಖೆಯ ವರದಿ ತೆಗೆದು ತೋರಿಸಿದೆ. ಮೂವತ್ತಮೂರು ಡಿಗ್ರಿ. "ನೋಡು, ಅಷ್ಟೇನಿಲ್ಲ" ಎಂದೆ. ಹೆಂಡತಿ ಒದ್ದೆ ಟವೆಲ್ ಹೊದ್ದು ಬಚ್ಚಲುಮನೆಯ ನೆಲದ ಮೇಲೆ ಕುಳಿತಿದ್ದಾಳೆ. ಗಂಡ ಬಾಗಿಲಲ್ಲಿ ನಿಂತು ಅಷ್ಟೇನಿಲ್ಲ ಎನ್ನುತ್ತಿದ್ದಾನೆ. ಅವಳು ತಲೆಯೆತ್ತಿ, "ಸರಾಸರಿ ನೀವೇ ಇಟ್ಕೊಳ್ಳಿ. ನಂಗೆ ಉಸಿರು ಬೇಕು" ಎಂದಳು. ಆ ಸಂಜೆ ಅವಳನ್ನು ಆಸ್ಪತ್ರೆಗೆ ಸೇರಿಸಿದೆ.

ಮರುದಿನ ನಾನು ನಮ್ಮ ಪೆಟ್ಟಿಗೆಯನ್ನು ಹುಡುಕಿಕೊಂಡು ಹೋದೆ. ಊರಿನಲ್ಲಿ ಅದು ಇರಲಿಲ್ಲ. ಬಸ್ಸು ಊರು ದಾಟಿತು, ಗುಡ್ಡ ಹತ್ತಿತು, ಕೆರೆಯ ಪಕ್ಕದಲ್ಲಿ ನಿಂತಿತು. ನೀರು ಶುದ್ಧ ಮಾಡುವ ಘಟಕದ ತೋಟ. ಕಣ್ಣು ತಣಿಯುವಂಥ ಹುಲ್ಲು. ನಡುವೆ, ನಾಲ್ಕು ಕಾಲಿನ ಮೇಲೆ, ಜಾಲರಿ ಕಿಟಕಿಯ ನಮ್ಮ ಬಿಳಿ ಪೆಟ್ಟಿಗೆ. ಕೆರೆಯ ಗಾಳಿ ಅದರೊಳಗೆ ಆಡುತ್ತಿತ್ತು. ಅಲ್ಲಿನ ವೀಕ್ಷಕ ನನ್ನ ಹಳೆಯ ಶಿಷ್ಯ. ಕುರ್ಚಿ ಹಾಕಿ ಚಹಾ ಕೊಟ್ಟ. "ಇಲ್ಲಿ ಸ್ವರ್ಗ ಸಾರ್" ಎಂದ.

"ನೀನಿರೋದು ಎಲ್ಲಿ?"

"ಊರೊಳಗೆ ಸಾರ್. ಅದಕ್ಕೇ ಭಾನುವಾರಾನೂ ಡ್ಯೂಟಿ ಕೇಳಿ ಹಾಕಿಸ್ಕೋತೀನಿ."

ಏನಾಗಿತ್ತೆಂದರೆ, ಪೆಟ್ಟಿಗೆ ಮೊದಲು ಊರ ನಡುವೆಯೇ ಇತ್ತು. ಸುತ್ತ ಕಟ್ಟಡ ಎದ್ದವು, ಮರ ಹೋದವು. ಗೋಡೆಯ ಹತ್ತಿರ ಪೆಟ್ಟಿಗೆ ಇರಬಾರದು ಎಂಬುದು ನಮ್ಮ ನಿಯಮ. ಸರಿಯಾದ ನಿಯಮವೇ. ಊರು ಕೆಟ್ಟಿತು, ನಾವು ಪೆಟ್ಟಿಗೆಯನ್ನು ಹೊತ್ತುಕೊಂಡು ಒಳ್ಳೆಯ ಜಾಗಕ್ಕೆ ಹೋದೆವು. ಹೆಸರು ಮಾತ್ರ ಊರಿನದ್ದೇ ಉಳಿಸಿಕೊಂಡೆವು. ಗೋಡೆಯ ಬಿಸಿ ಪಾದರಸಕ್ಕೆ ತಾಗಬಾರದು, ಮನುಷ್ಯನಿಗೆ ತಾಗಬಹುದು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಇನ್ನು ಸ್ವಲ್ಪವೇ ಇದೆ ಸಾರ್. ನನ್ನ ಸಂಕಟ ನನ್ನದು, ಬಿಡಿ. ಆದರೆ ನಮ್ಮ ಪಕ್ಕದ ಮನೆಯವನು ಆ ಶೆಡ್ಡಿನಲ್ಲಿ ವೆಲ್ಡರ್. ನಲವತ್ತು ಡಿಗ್ರಿ ಮೀರಿದರೆ ಮಧ್ಯಾಹ್ನ ಕೆಲಸ ನಿಲ್ಲಿಸಬೇಕೆಂದು ಕಾನೂನಿದೆ. ಯಾರು ಹೇಳಿದ ನಲವತ್ತು? ನಾವು ಹೇಳಿದ ನಲವತ್ತು. ಅವನು ನನ್ನನ್ನು ಕೇಳಿದ, "ನೀವು ಆ ಇಲಾಖೆಯೋರಂತೆ. ನಮ್ಮೂರಿಗೆ ಯಾವತ್ತಾದ್ರೂ ನಲವತ್ತು ಆಗುತ್ತಾ ಸಾರ್?" ಹೋದ ವರ್ಷ ಆ ಶೆಡ್ಡಿನಲ್ಲಿ ಒಬ್ಬ ಏಣಿಯ ಮೇಲಿಂದ ಕುಸಿದು ಬಿದ್ದನಂತೆ. ವಿಚಾರಣೆಯಲ್ಲಿ ಮಾಲೀಕರು ನಮ್ಮ ಅಂಕಿಯನ್ನೇ ತೋರಿಸಿದರಂತೆ, ಅವತ್ತು ಹವೆ ಹಿತವಾಗಿತ್ತು ಎಂದು. ನಮ್ಮ ಪೆಟ್ಟಿಗೆಗೆ ಸೆಕೆಯಾಗುವವರೆಗೆ ಆ ಊರಿನಲ್ಲಿ ಯಾರಿಗೂ ಸೆಕೆಯಾಗುವಂತಿಲ್ಲ! ಇದನ್ನು ಬರೆದು ಮೇಲಕ್ಕೆ ಕಳಿಸಿದೆ. ವೀಕ್ಷಣಾ ಕೇಂದ್ರದ ಸ್ಥಳವು ನಿಯಮಾನುಸಾರ ಇದೆ ಎಂದು ಉತ್ತರ ಬಂತು. ಉತ್ತರಕ್ಕೆ ಸಹಿ ಹಾಕಿದವರು ಇವತ್ತು ಈ ವೇದಿಕೆಯ ಮೇಲಿದ್ದಾರೆ. ಅವರಿಗೂ ನನ್ನ ವಂದನೆಗಳು.

ಆಸ್ಪತ್ರೆಯಿಂದ ಬಿಡುವಾಗ ಡಾಕ್ಟರು ಅವಳನ್ನು ಆ ಊರಿನಲ್ಲಿ ಇಡಲೇಬಾರದು ಎಂದರು. ನಾದಿನಿ ಬಂದು ಕರೆದುಕೊಂಡು ಹೋದಳು. ಅಂಗಡಿಯ ಹಿಂದೆ ಒಂದು ಪುಟ್ಟ ಕೋಣೆ, ಅದರಲ್ಲಿ ಬಟ್ಟೆಯ ಥಾನುಗಳ ನಡುವೆ ಒಂದು ಮಂಚ. ಒಬ್ಬರಿಗೆ ಜಾಗ. "ಭಾವ, ನಿಮ್ಮನ್ನ ಬೇಡ ಅಂತಿಲ್ಲ, ನೀವೇ ನೋಡಿ, ಎಲ್ಲಿ ಮಲಗ್ತೀರಾ?" ಎಂದಳು. ನೋಡಿದೆ. ನ್ಯಾಯವಾದ ಪ್ರಶ್ನೆ.

ಉಳಿದ ದಾರಿ ಒಂದೇ. ಆ ಮನೆ ಮಾರಬೇಕು, ಬಂದ ದುಡ್ಡಿನಲ್ಲಿ ಬೆಟ್ಟದ ಊರಿನಲ್ಲಿ ಎಷ್ಟು ವರ್ಷ ಬಾಡಿಗೆ ಕಟ್ಟಲಾಗುತ್ತದೋ ಅಷ್ಟು ವರ್ಷ ಇಬ್ಬರೂ ಒಟ್ಟಿಗೆ ಇರಬೇಕು. ಜಾಹೀರಾತು ಕೊಟ್ಟೆ. ಆ ಊರಿನವರು ಯಾರೂ ತಿರುಗಿ ನೋಡಲಿಲ್ಲ. ಹೋದ ತಿಂಗಳು ದೂರದಿಂದ ಒಬ್ಬರು ಫೋನ್ ಮಾಡಿದರು. ನಿವೃತ್ತ ಪೋಸ್ಟ್‌ಮಾಸ್ಟರ್. ಬೆಲೆ ಒಪ್ಪಿಗೆ, ಮನೆಯ ಫೋಟೋ ಒಪ್ಪಿಗೆ. "ನೀವು ಹವಾಮಾನದವರು, ನಿಮ್ಮ ಮಾತಿಗಿಂತ ಇನ್ನೇನು ಬೇಕು? ಊರು ತಂಪಾಗಿದೆಯಾ ಹೇಳಿ ಸಾಕು, ಮುಂಗಡ ಕಳಿಸ್ತೀನಿ" ಎಂದರು.

ನಾನು ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ. ನಮ್ಮ ಅಂಕಿಗಳನ್ನು ಓದಿ ಹೇಳಿದ್ದರೆ ಸಾಕಿತ್ತು. ಒಂದೊಂದೂ ಸರಿಯಾದ ಅಂಕಿ. ಓದಲು ಕೈಯಲ್ಲಿ ಹಿಡಿದುಕೊಂಡೂ ಇದ್ದೆ. ಅಷ್ಟರಲ್ಲಿ ಆ ಕಡೆಯಿಂದ ಒಂದು ಹೆಣ್ಣುದನಿ ಕೇಳಿಸಿತು: "ಮೆಟ್ಟಿಲು ಇದೆಯಾ ಕೇಳ್ರೀ. ನಂಗೆ ಹತ್ತೋಕಾಗಲ್ಲ ಅಂತ ಹೇಳಿ."

"ಮೆಟ್ಟಿಲಿಲ್ಲ," ಎಂದೆ. "ಆದ್ರೆ ಬೇಸಿಗೇಲಿ ಒಂದ್ಸಲ ಅವ್ರನ್ನೂ ಕರ್ಕೊಂಡು ಬಂದು, ಮಧ್ಯಾಹ್ನದ ಹೊತ್ತು ನಮ್ಮ ಬೀದೀಲಿ ನಿಂತು ನೋಡಿ. ಆಮೇಲೆ ಮುಂಗಡದ ಮಾತು."

ಅವರು ಬುದ್ಧಿವಂತರು. ಮತ್ತೆ ಫೋನ್ ಮಾಡಲಿಲ್ಲ.

ಬೆಟ್ಟಕ್ಕೆ ಹೋಗಿ ಹೆಂಡತಿಗೆ ಹೇಳಿದೆ. ಶಭಾಷ್ ಎನ್ನುತ್ತಾಳೆ ಎಂದು ನೀವು ಎಣಿಸಿರಬಹುದು. ಕಥೆಗಳಲ್ಲಿ ಹೆಂಡತಿಯರು ಹಾಗೆ ಅನ್ನುತ್ತಾರೆ. ಅವಳು ನಾದಿನಿ ಹೊಲಿದ ಬಟ್ಟೆಗೆ ಗುಂಡಿ ಹಾಕುತ್ತಿದ್ದವಳು ಸೂಜಿ ಕೆಳಗಿಟ್ಟಳು. "ನಂಗೆ ಅಷ್ಟೇನಿಲ್ಲ, ಅಷ್ಟೇನಿಲ್ಲ ಅಂದ್ರಿ. ಅದನ್ನೇ ಅವರಿಗೂ ಒಂದ್ಸಲ ಅನ್ನೋಕೆ ಆಗ್ಲಿಲ್ವಾ? ಗುರುತು ಪರಿಚಯ ಇಲ್ದೇ ಇರೋರ ಮೇಲೆ ಎಷ್ಟು ಕರುಣೆ ನಿಮಗೆ!" ಎಂದಳು. ಎಂದು, ಅತ್ತಳು. ಅತ್ತರೆ ಅವಳಿಗೆ ಉಸಿರು ಸಿಗುವುದಿಲ್ಲ. ಅದಕ್ಕೆ ಅಳುವುದನ್ನೂ ನಿಲ್ಲಿಸಬೇಕಾಯಿತು.

ಅವಳ ಮಾತಿಗೆ ಏನು ಹೇಳಬೇಕಿತ್ತು? ನಿಮ್ಮಲ್ಲಿ ಯಾರಿಗಾದರೂ ಹೊಳೆದರೆ ಊಟದ ಹೊತ್ತಿನಲ್ಲಿ ಹೇಳಿ.

ಕ್ವಾರ್ಟರ್ಸ್ ತೆರವು ಮಾಡಲು ಆಜ್ಞೆ ಬಂದಿದೆ. ಮಗಳು ಈಗಲೂ ಬನ್ನಿ ಎನ್ನುತ್ತಾಳೆ, ಆದರೆ ಮೊದಲಿನಷ್ಟು ಜೋರಾಗಿ ಅಲ್ಲ. ಪಾಪ, ಅವಳಿಗೂ ಗೋಡೆಗಳಿವೆ. ಹಾಗಾಗಿ ಮುಂದಿನ ವಾರದಿಂದ ನಾನು ಆ ತಗಡಿನ ಊರಿನಲ್ಲಿ, ನನ್ನ ಹೆಂಡತಿ ಆ ಥಾನುಗಳ ಕೋಣೆಯಲ್ಲಿ. ಬಸ್ಸಿನಲ್ಲಿ ಒಂದು ಹಗಲಿನ ದಾರಿ. ಬಾಳಿನುದ್ದಕ್ಕೂ ಪಾಳಿ ಕೆಲಸ, ವರ್ಗಾವರ್ಗಿ ಎಂದು ಅರ್ಧ ಸಂಸಾರ ಮಾಡಿದವರು ನಾವು. ಉಳಿದರ್ಧ ನಿವೃತ್ತಿಯ ಮೇಲೆ ಎಂದು ಅವಳಿಗೆ ಮಾತು ಕೊಟ್ಟಿದ್ದೆ.

ನನ್ನ ಮನೆಯೊಳಗೆ ಮಧ್ಯಾಹ್ನ ನಲವತ್ತೆರಡು ಡಿಗ್ರಿ ಆಗುತ್ತದೆ, ನಾನೇ ಅಳೆದಿದ್ದೇನೆ. ಅವಳ ಕೋಣೆಯಲ್ಲಿ ಇಪ್ಪತ್ತು. ಎರಡನ್ನೂ ಕೂಡಿಸಿ ಅರ್ಧ ಮಾಡಿ. ಮೂವತ್ತೊಂದು. ಅಂದರೆ, ನಮ್ಮ ಇಲಾಖೆಯ ಲೆಕ್ಕದಲ್ಲಿ, ನಾವಿಬ್ಬರೂ ಹಿತವಾದ ಹವೆಯಲ್ಲಿ ಒಟ್ಟಿಗೆ ಇದ್ದೇವೆ. ಎಲ್ಲಿರುತ್ತೀರಿ ಎಂದು ಕೇಳಿದಿರಲ್ಲ, ಅಲ್ಲಿರುತ್ತೇವೆ.

ಇಷ್ಟು ಹೊತ್ತು ಸಹಿಸಿಕೊಂಡ ಅಧ್ಯಕ್ಷರಿಗೆ, ಅತಿಥಿಗಳಿಗೆ, ಮೈಕು ಆರಿಸದಿದ್ದವರಿಗೆ, ಎರಡು ಹೂಗುಚ್ಛ ತಂದು ಅವಳದ್ದನ್ನು ಸದ್ದಿಲ್ಲದೆ ಮೇಜಿನ ಕೆಳಗೆ ಇಟ್ಟವರಿಗೆ, ನಿಮಗೆಲ್ಲರಿಗೂ ನಾನು ಋಣಿ. ಊಟ ಆರುತ್ತಿದೆ, ಏಳಿ. ನಮಸ್ಕಾರ.