ಹಗಲಲ್ಲಿ ಕಂಡ ಚಂದ್ರ

ಬಸ್‌ಸ್ಟಾಪಿನ ಬೆಂಚಿನ ಮೇಲೆ ಅಕ್ಕ ತಂಗಿ ಕೂತಿದ್ದರು. ತಂಗಿ ಟೀಚರ್ ಟ್ರೈನಿಂಗಿನವಳು. ಬೆಳಿಗ್ಗೆ ಪರೀಕ್ಷಕರ ಮುಂದೆ ಎರಡನೇ ಕ್ಲಾಸಿಗೆ ಪಾಠ ಮಾಡಿ ಪಾಸಾಗಿ ಬಂದಿದ್ದಳು. ಮುಖ ಮಾತ್ರ ಹರಳೆಣ್ಣೆ ಕುಡಿದ ಹಾಗಿತ್ತು.

“ಪಾಸಾದ್ಯಲ್ಲೇ, ಇನ್ನೇನು ನಿನ್ನ ಗೋಳು?”

“ಚಂದ್ರ ರಾತ್ರಿ ಮಾತ್ರ ಕಾಣ್ತಾನೆ ಅಂತ ಹೇಳ್ಕೊಟ್ಟೆ ಅಕ್ಕಾ. ಒಂದು ಹುಡುಗಿ ಎದ್ದು ಕಿಟಕಿ ಕಡೆ ಕೈ ತೋರಿಸ್ತು. ನೋಡಿದ್ರೆ ಅಲ್ಲೇ ಇದಾನೆ!”

“ಬೆಳ್ಬೆಳಗ್ಗೆ ಚಂದ್ರನಾ?”

“ಹಗಲಲ್ಲೂ ಇರ್ತಾನಂತೆ. ನಂಗೂ ಆಗ್ಲೇ ಗೊತ್ತಾಗಿದ್ದು.”

“ಏನಂದೆ ಮತ್ತೆ?”

“ಅದು ಮೋಡ, ಕೂತ್ಕೋ ಅಂದೆ.”

“ಥೂ ನಿನ್ನ! ‘ಹೌದು ಪುಟ್ಟಿ, ನಂದೇ ತಪ್ಪು’ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

“ಹೋದ್ಸಲ ‘ನಂಗೊತ್ತಿಲ್ಲ, ತಿಳ್ಕೊಂಡು ಹೇಳ್ತೀನಿ’ ಅಂದಿದ್ದಕ್ಕೇ ಫೇಲ್ ಮಾಡಿದ್ರು, ಮರೆತ್ಯಾ? ನೀನೇ ತಾನೆ ಆವತ್ತು ಬೈದಿದ್ದು, ಬಾಯಿಗೆ ಬಂದಿದ್ದು ಹೇಳೋಕೇನಾಗಿತ್ತು ಅಂತ?”

ಅಕ್ಕ ಸೆರಗು ಸರಿಮಾಡಿಕೊಂಡಳು.

“ಪರೀಕ್ಷಕರಿಗೆ ಕಾಣಿಸ್ಲಿಲ್ವಾ?”

“ಕಾಣಿಸ್ತು. ತಲೆ ಬಗ್ಗಿಸಿ ಮಾರ್ಕ್ಸ್ ಹಾಕಿದ್ರು.”

“ಮಗು ಏನಂತು?”

“ಇನ್ನೊಂದ್ಸಲ ಆಕಾಶ ನೋಡ್ತು. ಆಮೇಲೆ ‘ಹೌದು ಮಿಸ್, ಮೋಡ’ ಅಂತು.”

ಖಾಲಿ ಬಸ್ಸು ಬಂತು. ಇಬ್ಬರೂ ಬೇರೆ ಬೇರೆ ಸೀಟು ನೋಡಿಕೊಂಡು ಕೂತರು.